ಪಿಕಪ್ ಗಾಲಿ ಕೂಗುವ ಮೊದಲೇ: ಬೇರಿಂಗ್ ನೋಡುವ, ಬದಲಿಸುವ ಕ್ರಮ

ಸುರೇಬಾನ–ಮನಿಹಾಳದಿಂದ ರಾಮದುರ್ಗಕ್ಕೋ ಹುಬ್ಬಳ್ಳಿಗೋ ಹೊರಡುವ ಪಿಕಪ್‌ಗಳಲ್ಲಿ ಖಾಲಿ ಹೋಗುವವು ಕಡಿಮೆ. ಸುಗ್ಗಿಯಲ್ಲಿ ಉಳ್ಳಾಗಡ್ಡಿ, ಹೆಸರು, ಗೋವಿನಜೋಳ. ಮದುವೆ ಹಂಗಾಮಿನಲ್ಲಿ ಪೆಂಡಾಲದ ಸಾಮಾನು. ಉಳಿದ ದಿನ ಸಿಮೆಂಟು, ಗೊಬ್ಬರ, ಹೊಟ್ಟು. ಈ ಭಾರವೆಲ್ಲ ಕೊನೆಗೆ ಬಂದು ಕೂರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಕ್ಕಿನ ಬೇರಿಂಗ್‌ಗಳ ಮೇಲೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಪಿಕಪ್‌ನ ಗಾಲಿ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ.

ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸುವವರು, ಟೈರಿನ ಗಾಳಿ ದಿನಾ ನೋಡುವವರು ಬೇರಿಂಗ್ ನೆನೆಯುವುದು ಅದು ಕೂಗತೊಡಗಿದ ಮೇಲೆ. ಕೂಗು ಕೇಳಿದ ಮೇಲೂ "ಈ ಟ್ರಿಪ್ ಮುಗೀಲಿ, ನೋಡೂಣು" ಎಂದು ಓಡಿಸುವವರುಂಟು. ಬೇರಿಂಗ್ ಒಮ್ಮೆಲೇ ಕೈಕೊಡುವುದು ಅಪರೂಪ. ಅದು ವಾರಗಟ್ಟಲೆ ಮೊದಲೇ ಸೂಚನೆ ಕೊಡುತ್ತದೆ, ಆ ಸೂಚನೆ ಕೈಗೆ, ಕಿವಿಗೆ ಸಿಗುವಂಥದ್ದೇ. ಅದನ್ನು ಬದಲಿಸುವ ಕೆಲಸದಲ್ಲೂ ತಾಕತ್ತಿಗಿಂತ ಸ್ವಚ್ಛತೆ ಮತ್ತು ಹದ ಹೆಚ್ಚು ಮುಖ್ಯ.

ಹಬ್‌ನ ಒಳಗೆ ಏನಿದೆ

ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಪಿಕಪ್‌ಗಳ ಮುಂದಿನ ಗಾಲಿಯ ಹಬ್‌ನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್ ಇರುತ್ತವೆ. ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಪ್ರತಿ ಬೇರಿಂಗ್‌ಗೆ ಎರಡು ಭಾಗ. ಹಬ್‌ಗೆ ಬಿಗಿಯಾಗಿ ಕೂತ ಹೊರ ಉಂಗುರ 'ಕಪ್', ರೋಲರ್‌ಗಳನ್ನು ಹೊತ್ತ ಒಳಭಾಗ 'ಕೋನ್'. ಒಳಮಗ್ಗುಲಲ್ಲಿ ಗ್ರೀಸ್ ಹೊರಹೋಗದಂತೆ, ನೀರು ಒಳಬರದಂತೆ ತಡೆಯುವ ಆಯಿಲ್ ಸೀಲ್. ಹೊರಮಗ್ಗುಲಲ್ಲಿ ವಾಶರ್, ನಟ್, ಕಾಟರ್ ಪಿನ್, ಅದರ ಮೇಲೊಂದು ಟೋಪಿ.

ರೋಲರ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರುವುದಕ್ಕೆ ಕಾರಣವಿದೆ. ಗಾಡಿ ತಿರುವಿನಲ್ಲಿ ವಾಲಿದಾಗ ಗಾಲಿಯ ಮೇಲೆ ಮೇಲಿನ ಭಾರದ ಜೊತೆಗೆ ಅಡ್ಡ ಒತ್ತಡವೂ ಬೀಳುತ್ತದೆ. ಓರೆಯಾಗಿ ಕೂತ ರೋಲರ್ ಎರಡನ್ನೂ ತಡೆದುಕೊಳ್ಳುತ್ತದೆ. ಅಮೆರಿಕದಲ್ಲಿ ಸಾರೋಟು ಕಟ್ಟುತ್ತಿದ್ದ ಹೆನ್ರಿ ಟಿಮ್ಕೆನ್ ಇದಕ್ಕೆ ಪೇಟೆಂಟ್ ಪಡೆದದ್ದು 1898ರಲ್ಲಿ. ಕುದುರೆ ಗಾಡಿಗೆಂದು ಹುಟ್ಟಿದ ಈ ವಿನ್ಯಾಸ ಲಾರಿ, ಪಿಕಪ್‌ಗಳ ಹಬ್‌ನಲ್ಲಿ ಇಂದಿಗೂ ಹಾಗೇ ಉಳಿದಿದೆ.

ನಮ್ಮ ಸೀಮೆಯ ಗಾಲಿಗೆ ಕಂಟಕ ಏನು

ಮೊದಲನೆಯದು ನೀರು. ಇಪ್ಪತ್ತು ಕಿಲೋಮೀಟರ್ ಓಡಿದ ಹಬ್ ಬೆಚ್ಚಗಾಗಿ ಒಳಗಿನ ಗಾಳಿ ಹಿಗ್ಗಿರುತ್ತದೆ. ಅದೇ ಗಾಡಿಯನ್ನು ಸೀದಾ ಹಳ್ಳಕ್ಕಿಳಿಸಿದರೆ ಹಬ್ ತಟ್ಟನೆ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮಲಪ್ರಭೆ ತುಂಬಿ ಸೇತುವೆ ಮೇಲೆ ನೀರು ಹರಿಯುವಾಗ ಗಾಡಿ ದಾಟಿಸುವುದು ಜೀವಕ್ಕೇ ಅಪಾಯ; ಅದನ್ನು ಮಾಡಲೇಬಾರದು. 2019ರ ಆಗಸ್ಟ್‌ನ ಪ್ರವಾಹದಂಥ ಸಂದರ್ಭದಲ್ಲಿ ನಿಂತಲ್ಲೇ ಮುಳುಗಿದ ಗಾಡಿಯಾದರೂ ಅಷ್ಟೇ, ಹಬ್ ಮುಳುಗಿದ್ದರೆ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬುವ ತನಕ ಅದನ್ನು ದೂರ ಓಡಿಸಬೇಡಿ. ಖಂಡೇಪೂಜೆಯ ಮುನ್ನಾದಿನ ವಾಟರ್ ಸರ್ವಿಸ್‌ನಲ್ಲಿ ತೊಳೆಸುವಾಗಲೂ ಪಂಪಿನ ನಳಿಗೆಯನ್ನು ಹಬ್‌ನ ಸೀಲಿಗೆ ನೇರ ಹಿಡಿಯದಂತೆ ಹುಡುಗರಿಗೆ ಹೇಳಿ.

ಎರಡನೆಯದು ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಗಾಲಿಯ ಒಳಮಗ್ಗುಲಿಗೆ ಮೆತ್ತಿದ ಮಣ್ಣು ಒಣಗಿ ಗಟ್ಟಿಯಾಗಿ ಸೀಲಿನ ರಬ್ಬರನ್ನು ಉಜ್ಜುತ್ತದೆ. ಸೀಲ್ ಸವೆದರೆ ಧೂಳಿಗೆ ಬಾಗಿಲು ತೆರೆದಂತೆ.

ಮೂರನೆಯದು ಭಾರ. ರೋಲರ್ ಬೇರಿಂಗ್‌ನ ಆಯುಷ್ಯ ಭಾರ ಏರಿದ ಪ್ರಮಾಣಕ್ಕಿಂತ ಬಹಳ ಬೇಗ ಇಳಿಯುತ್ತದೆ. 1940ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ರೂಪಿಸಿದ ಲೆಕ್ಕವೇ ಇಂದಿನ ಆಯುಷ್ಯದ ಸೂತ್ರಕ್ಕೆ ಬುನಾದಿ. ಅದರ ಪ್ರಕಾರ ಬೇರಿಂಗ್ ಮೇಲಿನ ಭಾರ ಕಾಲು ಪಾಲು ಹೆಚ್ಚಾದರೆ ಆಯುಷ್ಯ ಅರ್ಧಕ್ಕಿಂತ ಕಡಿಮೆ. ಒಂದೂವರೆ ಪಟ್ಟಾದರೆ ಸುಮಾರು ಕಾಲು ಭಾಗ. ಎರಡು ಪಟ್ಟಾದರೆ ಹತ್ತರಲ್ಲಿ ಒಂದು ಪಾಲು. "ಇನ್ನೊಂದ ನಾಕ ಚೀಲ ಒಗೀರಿ" ಎನ್ನುವಾಗ ಈ ಲೆಕ್ಕ ನೆನಪಿರಲಿ. ಜೊತೆಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಡಿ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000.

ಮನೆಯ ಮುಂದೆಯೇ ಐದು ಪರೀಕ್ಷೆ

ಕಿವಿ. ಸವೆದ ಬೇರಿಂಗ್ ಗುಂಯ್‌ಗುಟ್ಟುತ್ತದೆ, ವೇಗ ಏರಿದಂತೆ ದನಿಯೂ ಏರುತ್ತದೆ. ಖಾಲಿ ನೇರ ರಸ್ತೆಯಲ್ಲಿ ಕ್ಲಚ್ ಒತ್ತಿ ನೋಡಿ. ಎಂಜಿನ್ ಸದ್ದು ಇಳಿದರೂ ಗುಂಯ್‌ ಎನ್ನುವುದು ಉಳಿದರೆ ಅದು ಗಾಲಿಯ ಕಡೆಯದು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ದನಿ ಪೂರಾ ಬದಲಾದರೆ ಟೈರಿನ ಮೇಲೆ ಅನುಮಾನಪಡಿ. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಗಾಲಿಗೆ ಬೀಳುತ್ತದೆ. ಆಗ ಕೂಗು ಹೆಚ್ಚಾದರೆ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗುವಾಗ ಹೆಚ್ಚಾದರೆ ಎಡಗಡೆಯದು.

ಬಿಸಿ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಹಿಡಿದು ನಿಲ್ಲಿಸಿ. ಅಂಗೈಯನ್ನು ಒತ್ತದೆ, ಕೈಯ ಹಿಂಬದಿಯನ್ನು ಹಬ್‌ನ ಹತ್ತಿರ ಒಯ್ದು ನಾಲ್ಕೂ ಗಾಲಿ ಹೋಲಿಸಿ. ಒಂದೇ ಗಾಲಿ ಮಿಕ್ಕವಕ್ಕಿಂತ ತೀರ ಬಿಸಿ ಇದ್ದರೆ ಬೇರಿಂಗ್ ಇಲ್ಲವೆ ಬಿಡದೆ ಹಿಡಿದ ಬ್ರೇಕ್. ಕಾದ ಹಬ್‌ಗೆ ನೀರು ಸುರಿಯಬೇಡಿ.

ಆಟ. ಗಾಲಿ ಎತ್ತಿ ಮೇಲೆ–ಕೆಳಗೆ ಹಿಡಿದು ಒಳಗೆ ಹೊರಗೆ ಅಲುಗಿಸಿ. ನಂತರ ಎಡ–ಬಲ ಹಿಡಿದು ಅಲುಗಿಸಿ. ಎರಡೂ ಕಡೆ ಆಡಿದರೆ ಬೇರಿಂಗ್ ಸಡಿಲ. ಎಡ–ಬಲ ಮಾತ್ರ ಆಡಿದರೆ ಸ್ಟೀರಿಂಗ್‌ನ ಟೈ ರಾಡ್ ಎಂಡ್ ನೋಡಿ. ಅನುಮಾನ ಉಳಿದರೆ ಒಬ್ಬರನ್ನು ಬ್ರೇಕ್ ಒತ್ತಿ ಕೂರಿಸಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್‌ದೇ. ಆಗಲೂ ಆಡಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಈ ಒಂದು ಉಪಾಯ ಗೊತ್ತಿದ್ದರೆ ಬೇಡದ ಸಾಮಾನಿಗೆ ದುಡ್ಡು ಹಾಕುವುದು ತಪ್ಪುತ್ತದೆ.

ತಿರುವು. ಎತ್ತಿದ ಗಾಲಿಯನ್ನು ಒಂದು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಶನ್ನಿನ ಅಲುಗದ ಭಾಗದ ಮೇಲೆ ಇಡಿ. ಒಳ್ಳೆಯ ಬೇರಿಂಗ್ ನುಣ್ಣಗೆ ಸುತ್ತುತ್ತದೆ. ಕೆಟ್ಟದ್ದು ಬೀಸುಕಲ್ಲಿಗೆ ಜೋಳ ಬಿದ್ದ ಹಾಗೆ ಗರಗರ ಎನ್ನುವುದು ಕೈಗೆ ತಟ್ಟುತ್ತದೆ.

ಕಣ್ಣು ಮತ್ತು ಪೆಡಲ್. ಗಾಲಿಯ ಒಳಮಗ್ಗುಲಲ್ಲಿ ಗ್ರೀಸ್ ಸಿಡಿದ ಗುರುತು, ತುಕ್ಕಿನ ಬಣ್ಣದ ನೀರು ಇಳಿದ ಗೆರೆ ಇದೆಯೇ ನೋಡಿ. ಡಿಸ್ಕ್ ಬ್ರೇಕ್ ಇದ್ದ ಗಾಡಿಯಲ್ಲಿ ಮೊದಲ ಸಲ ಒತ್ತಿದಾಗ ಪೆಡಲ್ ಆಳಕ್ಕಿಳಿದು ಎರಡನೇ ಸಲ ಸರಿಯಾಗುತ್ತಿದ್ದರೆ, ಸಡಿಲ ಬೇರಿಂಗ್‌ನಿಂದ ಡಿಸ್ಕ್ ಅಲುಗಾಡಿ ಪ್ಯಾಡುಗಳನ್ನು ಹಿಂದೆ ತಳ್ಳುತ್ತಿರಬಹುದು.

ಸಾಮಾನು ತರುವಾಗ

ಹಳೆ ಬೇರಿಂಗ್‌ನ ನಂಬರನ್ನು ಉಂಗುರದ ಮೇಲಿಂದಲೇ ಓದಿ ಬರೆದುಕೊಳ್ಳಿ. ಮಿಲಿಮೀಟರ್ ಲೆಕ್ಕದ ಬೇರಿಂಗ್‌ಗಳಲ್ಲಿ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ ಸಿಗುತ್ತದೆ: 30206 ಎಂದರೆ 30 ಮಿ.ಮೀ., 32008 ಎಂದರೆ 40 ಮಿ.ಮೀ. ಆ ಎರಡು ಅಂಕಿ 04 ಅಥವಾ ಅದಕ್ಕಿಂತ ಮೇಲಿದ್ದಾಗ ಈ ಲೆಕ್ಕ ಸರಿ. 'ಎಲ್‌ಎಂ' ಎಂದು ಶುರುವಾಗುವ ನಂಬರು ಇಂಚಿನ ಲೆಕ್ಕದ್ದು. ಅದಕ್ಕೆ ಈ ಗುಣಾಕಾರ ನಡೆಯದು.

ಜೈಪುರದಲ್ಲಿ 1946ರಲ್ಲಿ ಶುರುವಾದ ಕಂಪನಿಯ ಎನ್‌ಬಿಸಿ, ಜೊತೆಗೆ ಟಿಮ್ಕೆನ್, ಎಸ್‌ಕೆಎಫ್ ಮುಂತಾದ ಹೆಸರುಗಳು ಎಲ್ಲ ಬಿಡಿಭಾಗದ ಅಂಗಡಿಯಲ್ಲೂ ಕೇಳಿಬರುತ್ತವೆ. ಹೆಸರಿದ್ದಲ್ಲಿ ನಕಲಿಯೂ ಇರುತ್ತದೆ. ಡಬ್ಬಿಯ ಮೇಲಿನ ನಂಬರು, ಉಂಗುರದ ಮೇಲಿನ ನಂಬರು ಒಂದೇ ಇರಬೇಕು. ಅಕ್ಷರ ಉಗುರಿನಿಂದ ಕೆರೆದರೆ ಅಳಿಸಬಾರದು. ದರ ಸಿಕ್ಕಾಪಟ್ಟೆ ಕಡಿಮೆ ಹೇಳಿದರೆ ಕೈಬಿಡಿ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಕೆಲವು ಕಂಪನಿಗಳ ಮೊಬೈಲ್ ಆ್ಯಪ್‌ನಲ್ಲಿ ಅಸಲಿ–ನಕಲಿ ತಾಳೆ ನೋಡುವ ಸೌಲಭ್ಯವೂ ಇದೆ. ಬೇರಿಂಗ್ ಜೊತೆಗೆ ಹೊಸ ಆಯಿಲ್ ಸೀಲ್, ಹೊಸ ಕಾಟರ್ ಪಿನ್ ತಪ್ಪದೆ ತನ್ನಿ. ಎರಡಕ್ಕೂ ಆಗುವ ಖರ್ಚು ಕಡಿಮೆ, ತಪ್ಪಿಸುವ ನಷ್ಟ ದೊಡ್ಡದು.

ಗ್ರೀಸ್ ಕೊಳ್ಳುವಾಗ ಬಹಳ ಮಂದಿ ಎಡವುತ್ತಾರೆ. ಪಾಟಾದ ಶ್ಯಾಕಲ್‌ಗೆ ಹೊಡೆಯುವ ಅಗ್ಗದ ಕ್ಯಾಲ್ಸಿಯಂ ಗ್ರೀಸ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಹರಿಯುತ್ತದೆ. ಬ್ರೇಕಿನ ಬಿಸಿ ತಾಗುವ ಹಬ್‌ಗೆ ಅದು ನಡೆಯದು. ಡಬ್ಬಿಯ ಮೇಲೆ 'ವ್ಹೀಲ್ ಬೇರಿಂಗ್', 'ಲಿಥಿಯಂ' ಅಥವಾ 'ಲಿಥಿಯಂ ಕಾಂಪ್ಲೆಕ್ಸ್' ಎಂದಿರುವುದನ್ನೇ ತನ್ನಿ.

ಬಿಚ್ಚುವ ಕ್ರಮ

ಎರೆಮಣ್ಣಿನ ನೆಲದ ಮೇಲೆ ಜಾಕ್ ಇಡಬೇಡಿ, ಭಾರ ಬಿದ್ದಂತೆ ಅದು ಹೂತುಹೋಗುತ್ತದೆ. ಗಟ್ಟಿ ಸಮತಟ್ಟು ನೆಲ ಬೇಕು. ಗಾಡಿ ಖಾಲಿ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಗಾಲಿಯ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ. ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದು.

ಗಾಲಿ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಚಾಸಿಗೆ ತೂಗುಹಾಕಿ. ಅದು ರಬ್ಬರ್ ಪೈಪಿನ ಮೇಲೆ ಜೋತಾಡಿದರೆ ಒಳಗೊಳಗೇ ಪೈಪ್ ಹರಿಯುತ್ತದೆ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಟೋಪಿ ತೆಗೆದು, ಕಾಟರ್ ಪಿನ್ ನೆಟ್ಟಗೆ ಮಾಡಿ ಎಳೆದು, ನಟ್ ಬಿಚ್ಚಿ. ಕೆಲವು ಗಾಡಿಗಳಲ್ಲಿ ಪಿನ್ ಬದಲು ಎರಡು ನಟ್ ನಡುವೆ ಮಡಚುವ ಲಾಕ್ ವಾಶರ್ ಇರುತ್ತದೆ. ನಟ್ ಸುಲಭಕ್ಕೆ ಬಾರದಿದ್ದರೆ ಉಲ್ಟಾ ಥ್ರೆಡ್ ಇದೆಯೇ ನೋಡಿ, ಆಮೇಲೆ ಪಾನಾಕ್ಕೆ ಬಲ ಹಾಕಿ. ಹಬ್ಬನ್ನು ಸ್ವಲ್ಪ ಮುಂದೆಳೆದರೆ ಹೊರ ಬೇರಿಂಗ್ ಕೈಗೇ ಬರುತ್ತದೆ. ನಂತರ ಹಬ್ ಪೂರ್ತಿ ತೆಗೆದು, ಸೀಲ್ ಮೀಟಿ, ಒಳ ಬೇರಿಂಗ್ ತೆಗೆಯಿರಿ.

ಬೇರಿಂಗ್‌ಗಳನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಪೆಟ್ರೋಲ್ ಬೇಡ, ಕಿಡಿ ತಗುಲಿದರೆ ಅನಾಹುತ. ತೊಳೆದ ಬೇರಿಂಗ್‌ಗೆ ಕಂಪ್ರೆಸರ್ ಗಾಳಿ ಹಿಡಿದು ಗಿರಗಿರನೆ ತಿರುಗಿಸುವ ಆಟ ಗ್ಯಾರೇಜಿನ ಹುಡುಗರಿಗೆ ಇಷ್ಟ. ಎಣ್ಣೆಯಿಲ್ಲದೆ ಆ ವೇಗದಲ್ಲಿ ಸುತ್ತಿದ ರೋಲರ್ ಕೇಜ್ ಒಡೆದು ಮುಖಕ್ಕೆ ಸಿಡಿಯಬಹುದು.

ಹಳೆ ಬೇರಿಂಗ್ ಏನು ಹೇಳುತ್ತದೆ

ತೊಳೆದ ಬೇರಿಂಗನ್ನು ಬಿಸಿಲಿಗೆ ಹಿಡಿದು ನೋಡಿ. ಮೇಲ್ಮೈಯಿಂದ ಹಕ್ಕಳೆ ಎದ್ದು ಗುಂಡಿ ಬಿದ್ದಿದ್ದರೆ ಅದು ಭಾರ ಹೊತ್ತು ದಣಿದದ್ದು. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾದು ಹೋಗಿದೆ. ಗ್ರೀಸ್ ಸಾಲದೆ ಇರಬಹುದು, ನಟ್ ಅತಿಯಾಗಿ ಬಿಗಿದಿರಬಹುದು. ರೋಲರ್‌ಗಳ ಅಂತರಕ್ಕೆ ಸರಿಯಾಗಿ ತುಕ್ಕಿನ ಅಡ್ಡಗೆರೆ ಇದ್ದರೆ ಒಳಗೆ ನೀರು ನಿಂತಿತ್ತು. ಅದೇ ಅಂತರದಲ್ಲಿ ತಗ್ಗಿನ ಗುರುತಿದ್ದರೆ ದೊಡ್ಡ ತಗ್ಗಿಗೆ ಗಾಲಿ ಬಡಿದದ್ದು ಅಥವಾ ಹಿಂದೆ ಕೂರಿಸಿದವರ ಸುತ್ತಿಗೆಯ ಏಟು. ಕಾರಣ ತಿಳಿಯದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಇಂಥ ಯಾವ ಗುರುತೂ ಇಲ್ಲದೆ ನುಣುಪಾಗಿದ್ದರೆ ಬದಲಿಸಬೇಕಿಲ್ಲ. ಹೊಸ ಗ್ರೀಸ್, ಹೊಸ ಸೀಲ್ ಸಾಕು. ಬದಲಿಸುವುದಾದರೆ ಕಪ್ ಮತ್ತು ಕೋನ್ ಜೋಡಿಯಾಗಿಯೇ ಬದಲಿಸಿ. "ಕಪ್ ಛಲೋ ಐತಿ, ಕೋನ್ ಅಷ್ಟ ಹಾಕೂಣು" ಎಂಬ ಮಾತಿಗೆ ಒಪ್ಪಬೇಡಿ. ಸವೆದ ಕಪ್ಪಿನ ಮೇಲೆ ಹೊಸ ರೋಲರ್ ಬಹುದಿನ ಬಾಳುವುದಿಲ್ಲ. ಹಬ್ ಕೂರುವ ಸ್ಟಬ್ ಆಕ್ಸಲ್ ಮೇಲೂ ಕಣ್ಣಿಡಿ. ಕೋನ್ ಅದರ ಮೇಲೆಯೇ ಸುತ್ತಿ ತೇದಿದ್ದರೆ ಹೊಸ ಬೇರಿಂಗ್ ಕೂಡ ಸಡಿಲವೇ.

ಕೂರಿಸುವ ಕ್ರಮ

ಹಳೆ ಕಪ್ ತೆಗೆಯಲು ಹಬ್‌ನ ಒಳಗೆ ಎದುರುಬದುರು ಎರಡು ಕಚ್ಚು ಇರುತ್ತವೆ. ಹಿತ್ತಾಳೆ ಅಥವಾ ಮೆತ್ತನೆ ಕಬ್ಬಿಣದ ಸರಳನ್ನು ಅಲ್ಲಿ ಇಟ್ಟು ಒಂದೊಂದು ಏಟು ಆ ಕಡೆ ಈ ಕಡೆ ಹೊಡೆಯುತ್ತ ಹೊರತನ್ನಿ. ಹೊಸ ಕಪ್ ಮೇಲೆ ಸುತ್ತಿಗೆ ನೇರ ಬೀಳಬಾರದು. ಆ ಉಕ್ಕು ಗಟ್ಟಿ, ಚೂರು ಸಿಡಿದು ಕಣ್ಣಿಗೆ ಹೋಗುತ್ತದೆ, ಕನ್ನಡಕ ಹಾಕಿಕೊಳ್ಳಿ. ಹಳೆ ಕಪ್ಪಿನ ಹೊರಮೈಯನ್ನು ಗ್ರೈಂಡರ್‌ನಲ್ಲಿ ಕೊಂಚ ತೇದು, ಹೊಸದರ ಮೇಲೆ ಬೋರಲು ಇಟ್ಟು, ಅದರ ಮೇಲೆ ಏಟು ಹಾಕುವುದು ಮಿಸ್ತ್ರಿಗಳ ಹಳೆಯ ಉಪಾಯ. ಕಪ್ ಓರೆಯಾಗದೆ ಇಳಿಯಬೇಕು. ತಳ ಮುಟ್ಟಿದೊಡನೆ ಏಟಿನ ಸದ್ದು ಬದಲಾಗಿ ಗಟ್ಟಿಯಾಗಿ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ.

ಗ್ರೀಸ್ ಬೇರಿಂಗ್‌ನ ಮೇಲೆ ಸವರಿದರೆ ಸಾಲದು, ಒಳಗೆ ತುಂಬಬೇಕು. ಸ್ವಚ್ಛ ಅಂಗೈಯಲ್ಲಿ ಲಿಂಬೆಹಣ್ಣಿನಷ್ಟು ಗ್ರೀಸ್ ತೆಗೆದುಕೊಂಡು ಬೇರಿಂಗ್‌ನ ದಪ್ಪ ಬಾಯಿಯ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಇನ್ನೊಂದು ಅಂಚಿನಿಂದ, ರೋಲರ್‌ಗಳ ಸಂದಿನಿಂದ, ಗ್ರೀಸ್ ಎಳೆಎಳೆಯಾಗಿ ಹೊರಬರುವ ತನಕ ಒತ್ತಬೇಕು. ಹೀಗೆ ಸುತ್ತಲೂ ಮಾಡಿ. ಹಬ್‌ನ ಪೊಳ್ಳು ಜಾಗದಲ್ಲಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಗ್ರೀಸ್ ಸಾಕು. ಕಂಠಮಟ್ಟ ತುಂಬಿದರೆ ಅದೇ ಕಲಕಿ ಬಿಸಿಯಾಗುತ್ತದೆ. ಹಳೆ ಗ್ರೀಸ್ ಪೂರ್ತಿ ತೆಗೆದೇ ಹೊಸದು ಹಾಕಿ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ತೆಳ್ಳಗಾಗಿ ಸೋರಬಹುದು.

ಒಳ ಬೇರಿಂಗನ್ನು ಹಬ್‌ನಲ್ಲಿಟ್ಟ ಮೇಲೆ ಸೀಲ್. ಅದರ ತುಟಿ ಗ್ರೀಸ್ ಇರುವ ಒಳಗಡೆಗೆ ಮುಖ ಮಾಡಿರಬೇಕು. ತುಟಿಗೆ ಚೂರು ಗ್ರೀಸ್ ಸವರಿ, ಮೇಲೆ ಸಪಾಟಾದ ಹಲಗೆ ಇಟ್ಟು ಮೆಲ್ಲಗೆ ಬಡಿದು ಕೂರಿಸಿ. ಹಬ್ ಏರಿಸುವಾಗ ಸೀಲಿನ ತುಟಿ ಆಕ್ಸಲ್ ತುದಿಗೆ ತಾಗಿ ಕತ್ತರಿಸದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ನಾಜೂಕಿನ ಕೆಲಸ ನಟ್ ಬಿಗಿಯುವುದು. ಹೊರ ಬೇರಿಂಗ್, ವಾಶರ್ ಇಟ್ಟು, ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ ಬಿಗಿಯಿರಿ. ರೋಲರ್‌ಗಳು ತಮ್ಮ ಜಾಗಕ್ಕೆ ಕೂತು ತಿರುವು ಭಾರವಾಗುತ್ತದೆ. ಈಗ ನಟ್ ಸಡಿಲಿಸಿ, ಮತ್ತೆ ಬರಿಗೈಯಿಂದ ಎಷ್ಟು ಬರುತ್ತದೋ ಅಷ್ಟೇ ಬಿಗಿಯಿರಿ. ಪಿನ್ನಿನ ತೂತು ಕೂಡದಿದ್ದರೆ ಮುಂದಿನ ಕಚ್ಚಿಗೆ ಬಿಗಿಯಬೇಡಿ, ಹಿಂದಿನದಕ್ಕೆ ಸಡಿಲಿಸಿ. ಹಬ್ ಸರಾಗ ಸುತ್ತಬೇಕು, ಅಲುಗಿಸಿದರೆ ಕೈಗೆ ತಿಳಿದೂ ತಿಳಿಯದಷ್ಟು ಆಟ ಇರಬೇಕು. ಡಯಲ್ ಗೇಜ್ ಇಟ್ಟರೆ ಅದು ಸಾಮಾನ್ಯವಾಗಿ 0.1 ಮಿ.ಮೀ. ಆಸುಪಾಸಿಗೆ ಮೀರದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ, ಬೇರೆ ಕ್ರಮ ಕೊಟ್ಟಿದ್ದರೆ ಅದೇ ಅಂತಿಮ. ಗಾಲಿ ಚೂರೂ ಆಡಬಾರದೆಂದು ಪಾನಾಕ್ಕೆ ಪೈಪ್ ಹಾಕಿ ಬಿಗಿದ ಹೊಸ ಬೇರಿಂಗ್ ಬಿಸಿಯಿಂದ ಹಿಗ್ಗಲು ಜಾಗವಿಲ್ಲದೆ ಬೇಗನೆ ಸುಟ್ಟುಹೋಗುತ್ತದೆ. ಕೊನೆಗೆ ಹೊಸ ಕಾಟರ್ ಪಿನ್ ಮಡಚಿ, ಟೋಪಿ ಹಾಕಿ.

ಯಾವುದನ್ನು ಗ್ಯಾರೇಜಿಗೆ ಬಿಡಬೇಕು

ಹೊಸ ಮಾದರಿಯ ಕೆಲವು ಗಾಡಿಗಳಲ್ಲಿ ಬಿಚ್ಚಲಾಗದ ಸೀಲ್ಡ್ ಬೇರಿಂಗ್ ಅಥವಾ ಇಡೀ ಹಬ್ ಯೂನಿಟ್ ಇರುತ್ತದೆ. ಅದಕ್ಕೆ ಗ್ರೀಸ್ ತುಂಬುವ ಪ್ರಶ್ನೆಯೇ ಇಲ್ಲ, ಬದಲಿಸುವುದೊಂದೇ ದಾರಿ. ನಟ್ಟನ್ನು ಟಾರ್ಕ್ ಪಾನಾದಿಂದ ಕಂಪನಿ ಹೇಳಿದ ಅಳತೆಗೇ ಬಿಗಿಯಬೇಕು.

ಹಿಂದಿನ ಗಾಲಿಯಲ್ಲಿ ಎರಡು ಬಗೆ. ಗಾಲಿಯ ನಡುವೆ ಹಬ್ ಮುಂದೆ ಚಾಚಿ, ಅದರ ಮುಖಕ್ಕೆ ಆಕ್ಸಲ್ ಶಾಫ್ಟಿನ ಬೋಲ್ಟುಗಳು ಕಾಣುತ್ತಿದ್ದರೆ ಅದರೊಳಗೆ ಮುಂದಿನಂತೆಯೇ ಜೋಡಿ ಬೇರಿಂಗ್. ಗಾಲಿ ನೇರವಾಗಿ ಶಾಫ್ಟಿನ ತುದಿಗೇ ಕೂತಿದ್ದರೆ ಬೇರಿಂಗನ್ನು ಶಾಫ್ಟಿಗೆ ಒತ್ತಿ ಕೂರಿಸಿ, ಕಾಲರ್ ಹಾಕಿ ಹಿಡಿದಿರುತ್ತಾರೆ. ಈ ಕಾಲರ್ ಬಿಟ್ಟರೆ ಓಡುವ ಗಾಡಿಯಿಂದ ಶಾಫ್ಟಿನ ಸಮೇತ ಗಾಲಿ ಹೊರಬರುತ್ತದೆ. ಇದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಗ್ಯಾಸ್ ಕಟರ್‌ನಿಂದ ಕಾಯಿಸಿ ಕಾಲರ್ ತೆಗೆದರೆ ಶಾಫ್ಟಿನ ಉಕ್ಕಿನ ಹದ ಕೆಡುತ್ತದೆ. ರಾಮದುರ್ಗ, ಸವದತ್ತಿ, ಬೈಲಹೊಂಗಲದಂಥ ಊರಿನಲ್ಲಿ ಪ್ರೆಸ್ ಇರುವ ಗ್ಯಾರೇಜು ಅಥವಾ ಲೇತ್ ಅಂಗಡಿ ವಿಚಾರಿಸಿ ಅಲ್ಲೇ ಮಾಡಿಸಿ. ಹೊಸ ಕಾಲರ್, ಹೊಸ ಸೀಲ್ ಹಾಕಿದರೋ ಇಲ್ಲವೋ ನಿಂತು ನೋಡಿ. ಸೋರಿದ ಡಿಫರೆನ್ಶಿಯಲ್ ಆಯಿಲ್ ಬ್ರೇಕ್ ಶೂಗೆ ಹತ್ತಿದ್ದರೆ ಶೂ ಕೂಡ ಬದಲಿಸಲು ಹೇಳಿ, ಆಯಿಲ್ ಮಟ್ಟ ತುಂಬಿಸಿ.

ಕೆಲಸ ಮುಗಿದ ಮೇಲೆ

ಕ್ಯಾಲಿಪರ್ ಕೂರಿಸಿದ ನಂತರ ಗಾಡಿ ಅಲುಗಿಸುವ ಮೊದಲೇ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ. ಗಾಲಿಯ ನಟ್‌ಗಳನ್ನು ಎದುರುಬದುರು ಬಿಗಿಯಿರಿ. ಖಾಲಿ ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಹಬ್‌ನ ಬಿಸಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ, ಕೈ ತಾಗಿಸಲಾಗದಿದ್ದರೆ ನಟ್ ಬಿಗಿಯಾಗಿದೆ. ನೂರು ಕಿಲೋಮೀಟರ್ ಆದ ಮೇಲೆ ಗಾಲಿಯ ನಟ್ ಮತ್ತೊಮ್ಮೆ ಬಿಗಿದು, ಗಾಲಿ ಎತ್ತಿ ಆಟ ನೋಡಿ.

ಗ್ರೀಸ್ ಬದಲಿಸುವ ಅವಧಿ ಗಾಡಿಯ ಪುಸ್ತಕದಲ್ಲಿದೆ. ಹೊಲ, ಹಳ್ಳ, ಹೆಚ್ಚು ಭಾರ ಕಂಡ ಗಾಡಿಗೆ ಅಷ್ಟು ಕಾಯಬಾರದು. ಪ್ರತಿ ಮಳೆಗಾಲ ಮುಗಿದ ಮೇಲೆ, ಹಿಂಗಾರಿ ಸುಗ್ಗಿಯ ಬಾಡಿಗೆ ಶುರುವಾಗುವ ಮೊದಲು, ಒಮ್ಮೆ ಹಬ್ ಬಿಚ್ಚಿಸಿ. ತಾರೀಖು, ಮೀಟರ್ ಓದು, ಹಾಕಿದ ಬೇರಿಂಗ್ ನಂಬರನ್ನು ಗಾಡಿಯ ಕಾಗದಪತ್ರದ ಜೊತೆ ಬರೆದಿಡಿ. ಡ್ರೈವರ್ ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ದಾರಿಯಲ್ಲಿ ಗುಂಯ್ ಎನ್ನುವುದು ಕಟಕಟ ಸದ್ದಾಗಿ ಮಾರ್ಪಟ್ಟರೆ, ಸ್ಟೀರಿಂಗ್ ಅಲುಗತೊಡಗಿದರೆ, ಹಬ್‌ನಿಂದ ಸುಟ್ಟ ಗ್ರೀಸಿನ ವಾಸನೆ ಬಂದರೆ ಮುಂದಿನ ಊರು ಎಷ್ಟೇ ಹತ್ತಿರ ಇರಲಿ, ಓಡಿಸಬೇಡಿ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಮಾಲನ್ನು ಬೇರೆ ಗಾಡಿಗೆ ಏರಿಸಿ, ಮಿಸ್ತ್ರಿಯನ್ನು ಅಲ್ಲಿಗೇ ಕರೆಸಿ. ಒಂದು ದಿನದ ಬಾಡಿಗೆ ಹೋದರೂ ಹಬ್, ಆಕ್ಸಲ್, ಎದುರು ಬರುವವರ ಜೀವ ಉಳಿಯುತ್ತವೆ.